ಹೊಸ ಕತ್ತಿ ಕೊಳ್ಳೋದೋ, ಇರೋದನ್ನೇ ಏರಿಸೋದೋ?

ಇದು ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಪಾತ್‌ಫೈಂಡರ್ ಆಟದ ಮೊದಲ ಆವೃತ್ತಿಯ ಲೆಕ್ಕ. ಮೈಸೂರಲ್ಲಿ ಭಾನುವಾರ ಮಾತ್ರ ಆಟಕ್ಕೆ ಕೂರುವ ತಂಡಗಳಿಗೆ ಅಂಗಡಿ ವ್ಯವಹಾರವೇ ಹೊತ್ತು ತಿನ್ನುತ್ತೆ. ಮೊದಲೇ ತೀರ್ಮಾನಿಸಿಕೊಂಡು ಬನ್ನಿ.

+1 ಲಾಂಗ್‌ಸೋರ್ಡ್‌ಗೆ (ಉದ್ದ ಕತ್ತಿ; ಅಂಕಿ ಅದರ ಮಾಂತ್ರಿಕ ಬಲದ ಮಟ್ಟ) 2,315 ಚಿನ್ನದ ನಾಣ್ಯ, +2ಕ್ಕೆ 8,315. ಹಳೆಯದನ್ನು ಮಾರಿದರೆ ಅರ್ಧ ಬೆಲೆಯಷ್ಟೇ. ದೇವರಾಜ ಮಾರುಕಟ್ಟೆಯ ಚೌಕಾಶಿ ಇಲ್ಲಿ ನಡೆಯಲ್ಲ. ಹಾಗಾಗಿ ಹೊಸದಕ್ಕೆ ಕೈಯಿಂದ ಸುಮಾರು 7,158 ಹೋಗುತ್ತೆ. ಇರುವ ಕತ್ತಿಯನ್ನೇ ಏರಿಸಿದರೆ ವ್ಯತ್ಯಾಸದ 6,000 ಸಾಕು. ತಂಡದ ಮಾಂತ್ರಿಕನೇ ಮಾಡಿದರೆ 3,000. ಆದರೆ ಅವನಿಗೆ ಮಾಂತ್ರಿಕ ಆಯುಧ ತಯಾರಿಸುವ ಫೀಟ್ (ವಿಶೇಷ ಸಾಮರ್ಥ್ಯ) ಇರಬೇಕು, ಕ್ಯಾಸ್ಟರ್ ಲೆವೆಲ್ (ಮಂತ್ರ ಪ್ರಯೋಗದ ಮಟ್ಟ) 6 ಮುಟ್ಟಿರಬೇಕು, ದಿನಕ್ಕೆ 8 ಗಂಟೆಯಂತೆ 6 ದಿನ ಬಿಡುವು ಸಿಗಬೇಕು. ಅಷ್ಟು ದಿನ ಕತ್ತಿ ನಿಮ್ಮ ಸೊಂಟದಲ್ಲಿರಲ್ಲ. ಕೊನೆಗೆ ದಾಳದ ಚೆಕ್ (ಪರೀಕ್ಷೆ) ಸೋತರೆ ಸಾಮಗ್ರಿ ದಂಡ. 5 ಅಥವಾ ಹೆಚ್ಚಿನ ಅಂತರದಲ್ಲಿ ಸೋತರೆ ಶಾಪ ತಗುಲಿದ ವಸ್ತು. ಡಿಸಿ, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕ, ಬರೀ 11; ಆ ಮಟ್ಟದ ಮಾಂತ್ರಿಕ ಸೋಲೋದು ಅಪರೂಪ ಬಿಡಿ.

ಕೊಳ್ಳುವವರು ಎಡವುವುದು ಆಟದೊಳಗಿನ ಊರಿನ ಬೆಲೆ ಮಿತಿಯಲ್ಲಿ. ದೊಡ್ಡ ನಗರದ ಮಿತಿ 8,000. ಬರೀ 315ರಿಂದ +2 ಕತ್ತಿ, ಸಿಗುವ ಸಾಧ್ಯತೆ 75% ಇರುವ ಸರಕಿನಿಂದ ಹೊರಗುಳಿಯುತ್ತೆ. ಮಹಾನಗರಕ್ಕೇ ಹೋಗಬೇಕು, ಇಲ್ಲವೇ ಆಟ ನಡೆಸುವ ಜಿಎಂ ದಾಳ ಒಲಿಯಬೇಕು.

ನಾಳೆಯೇ ಗುಹೆಗಿಳಿಯುವವರು, ಆಯುಧದ ಬಗೆಯನ್ನೇ ಬದಲಿಸುವವರು ಕೊಳ್ಳಲಿ. ಉಳಿದವರಿಗೆ ಏರಿಸುವುದೇ ಲಾಭ.