5 ರೂಪಾಯಿಗೆ 20 ಲೀಟರ್: ಗದಗ ಜಿಲ್ಲೆಯ ಹಳ್ಳಿ ಫಿಲ್ಟರ್ ಘಟಕಗಳ ವಿಮರ್ಶೆ

ಶುದ್ಧ ಕುಡಿಯುವ ನೀರಿನ ಘಟಕವನ್ನು ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಎಲ್ಲರೂ ಬರೀ ‘ಫಿಲ್ಟರ್’ ಅಂತಲೇ ಕರೆಯುತ್ತಾರೆ. ಅದಕ್ಕೆ ಅಂಕ ಕೊಡಬೇಕೆಂದರೆ ಎರಡು ಸಲ ಕೊಡಬೇಕು. ಯಂತ್ರಕ್ಕೆ ಐದಕ್ಕೆ ನಾಲ್ಕು, ಸೇವೆಗೆ ಎರಡೂವರೆ. ನಡುವಿನ ಆ ಒಂದೂವರೆ ಅಂಕ ಎಲ್ಲಿ ಸೋರಿಹೋಗುತ್ತದೆ ಎಂದು ಹುಡುಕಿದರೆ ಉತ್ತರ ಯಂತ್ರದ ಕೋಣೆಯಲ್ಲಿ ಸಿಗುವುದಿಲ್ಲ. ಊರಿನ ಓಣಿಗಳಲ್ಲಿ, ಅಡುಗೆಮನೆಗಳಲ್ಲಿ, ಕೂಲಿಗೆ ಹೋಗುವವರ ದಿನಚರಿಯಲ್ಲಿ ಸಿಗುತ್ತದೆ.

ಮೊದಲು, ಈ ಸೀಮೆಗೆ ಈ ಘಟಕ ಯಾಕೆ ಬೇಕಾಯಿತು ಎಂಬ ಮಾತು. ಮುಂಡರಗಿ ತಾಲ್ಲೂಕು ಮತ್ತು ಸುತ್ತಲಿನ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಗ್ರಾನೈಟ್, ನೈಸ್ ಜಾತಿಯ ಕಲ್ಲಿನೊಳಗಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದುಬಂದಿರುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಾ ಅಂಶ ಹೆಚ್ಚಿದ್ದರೆ ಫ್ಲೋರೈಡ್ ಇನ್ನಷ್ಟು ಕರಗುತ್ತದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಮೇಲೆ ಹೋದರೆ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಮೂಡುತ್ತವೆ. 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಎಲುಬು, ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಬಿಗಿದ ಎಲುಬನ್ನು ಹಿಂದಿನ ಸ್ಥಿತಿಗೆ ತರುವ ಔಷಧಿ ಇಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ. ಅಂದಿನಿಂದಲೂ ಗೊತ್ತಿರುವ ಮದ್ದು ಒಂದೇ: ನೀರು ಬದಲಿಸುವುದು.

ಇಲ್ಲಿ ಎರಡು ತಪ್ಪು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ನೀರು ತಿಳಿಯಾಗಿದೆ, ಸಿಹಿಯಾಗಿದೆ, ಅಂದಮೇಲೆ ಒಳ್ಳೆಯದು ಎಂಬುದು ಮೊದಲನೆಯದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ಅದು ಸಿಗುವುದೂ ಇಲ್ಲ. ಕುದಿಸಿದರೆ ಹೋಗುತ್ತದೆ ಎಂಬುದು ಎರಡನೆಯದು. ಕುದಿಸಿದಾಗ ರೋಗಾಣು ಸಾಯುತ್ತವೆ ನಿಜ. ಆದರೆ ನೀರು ಆವಿಯಾಗಿ ಫ್ಲೋರೈಡ್ ಹಾಗೇ ಉಳಿದು, ಪಾತ್ರೆಯಲ್ಲಿರುವ ನೀರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆ ಸೋಸುವಿಕೆ, ಕ್ಯಾಂಡಲ್ ಫಿಲ್ಟರ್, ಬರೀ ಯುವಿ ದೀಪದ ಯಂತ್ರ, ಇವು ಯಾವುವೂ ಅದನ್ನು ತೆಗೆಯುವುದಿಲ್ಲ. ಈ ಘಟಕಗಳಲ್ಲಿರುವ ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ವಿಧಾನ, ತೆಗೆಯುತ್ತದೆ. ಯಂತ್ರಕ್ಕೆ ನಾಲ್ಕು ಅಂಕ ಕೊಟ್ಟಿರುವುದು ಇದಕ್ಕೇ.

ಘಟಕದೊಳಗೆ ಬೋರ್ ನೀರು ಮೊದಲು ಮರಳಿನ ಸಿಲಿಂಡರ್, ಆಮೇಲೆ ಇದ್ದಿಲಿನ ಸಿಲಿಂಡರ್ ದಾಟುತ್ತದೆ. ಸುಣ್ಣದ ಅಂಶ ಗಟ್ಟಿಕಟ್ಟದಂತೆ ಆಂಟಿಸ್ಕೇಲಂಟ್ ದ್ರಾವಣ ಹನಿಹನಿಯಾಗಿ ಸೇರುತ್ತದೆ. ನಂತರ 5 ಮೈಕ್ರಾನ್ ಕಾರ್ಟ್ರಿಜ್, ಅಲ್ಲಿಂದ ಹೈಪ್ರೆಶರ್ ಪಂಪು, ಪಂಪಿನಿಂದ ಪೊರೆ, ಅಂದರೆ ಮೆಂಬ್ರೇನ್. ಕೊನೆಗೆ ಯುವಿ ದೀಪ ಮತ್ತು ಸ್ಟೀಲ್ ಟ್ಯಾಂಕು. ತಾಸಿಗೆ 1000 ಲೀಟರ್ ಕೊಡುವ ಘಟಕ 8 ತಾಸು ಓಡಿದರೆ 20 ಲೀಟರಿನ 400 ಕ್ಯಾನ್ ತುಂಬುತ್ತವೆ. ಮನೆಗೊಂದರಂತೆ 400 ಮನೆಗೆ ಸಾಕು.

ಕೆಡುವುದು ಬಹುಪಾಲು ಸಣ್ಣ ವಿಷಯಕ್ಕೆ. ಆಂಟಿಸ್ಕೇಲಂಟ್ ಡಬ್ಬಿ ಖಾಲಿಯಾಗಿರುತ್ತದೆ, ಯಾರೂ ನೋಡಿರುವುದಿಲ್ಲ, ಯಂತ್ರ ಓಡುತ್ತಲೇ ಇರುತ್ತದೆ. ಸವಳು ನೀರಿನ ಊರಲ್ಲಿ ಪೊರೆಯ ಮೇಲೆ ಸುಣ್ಣದ ಪದರ ಕೂರಲು ಹೆಚ್ಚು ದಿನ ಬೇಕಿಲ್ಲ. ಮರಳಿನ ಸಿಲಿಂಡರಿಗೆ ದಿನಾ 10–15 ನಿಮಿಷ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ಅದು ತಪ್ಪಿದರೆ ಕಸ ಕಾರ್ಟ್ರಿಜಿಗೆ, ಕಾರ್ಟ್ರಿಜ್ ಬದಲಿಸದಿದ್ದರೆ ಕಸ ಪೊರೆಗೆ. ಕಡಿಮೆ ಬೆಲೆಯ ಕಾರ್ಟ್ರಿಜ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪೊರೆ ಕಳೆದುಕೊಳ್ಳುವ ಲೆಕ್ಕ ಇದು. ಯುವಿ ದೀಪ ಸುಮಾರು ವರ್ಷಕ್ಕೊಮ್ಮೆ ಬದಲಾಗಬೇಕು. ಅದು ನೀಲಿಯಾಗಿ ಉರಿಯುತ್ತಿದ್ದರೂ ಅಷ್ಟರಲ್ಲಿ ರೋಗಾಣು ಕೊಲ್ಲುವ ಶಕ್ತಿ ಕುಗ್ಗಿರುತ್ತದೆ.

ಬಳಸುವವರು ಸ್ವತಃ ಪರೀಕ್ಷಿಸಬಹುದಾದ ಒಂದು ವಿಧಾನವಿದೆ. ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು, ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು; ಫ್ಲೋರೈಡನ್ನು ಅದು ಅಳೆಯುವುದಿಲ್ಲ, ಅದು ನೆನಪಿರಲಿ. ಆದರೆ ಒಳಬರುವ ನೀರು, ಹೊರಬರುವ ನೀರು ಎರಡನ್ನೂ ಅಳೆದರೆ ಪೊರೆಯ ಆರೋಗ್ಯ ತಿಳಿಯುತ್ತದೆ. ಬೋರ್ ನೀರು 1500 ಇದ್ದು ಫಿಲ್ಟರ್ ನೀರು 80–100 ಇದ್ದರೆ ಪೊರೆ ಚೆನ್ನಾಗಿದೆ. ಬೋರ್ ನೀರು ಅಷ್ಟೇ ಇದ್ದು ಫಿಲ್ಟರ್ ನೀರು ತಿಂಗಳಿಂದ ತಿಂಗಳಿಗೆ ಏರುತ್ತ 300 ದಾಟಿದರೆ ಪೊರೆ ಸವೆದಿದೆ, ಇಲ್ಲವೇ ಅದರ ರಬ್ಬರ್ ಓ-ರಿಂಗ್ ಸೋರುತ್ತಿದೆ, ಅದೂ ಅಲ್ಲದಿದ್ದರೆ ಬೈಪಾಸ್ ವಾಲ್ವ್ ತೆರೆದು ಬೋರ್ ನೀರು ಬೆರೆಸುತ್ತಿದ್ದಾರೆ. ರುಚಿಗಾಗಿ ಸ್ವಲ್ಪ ಬೆರೆಸುವುದು ಬೇರೆ ಊರಲ್ಲಿ ನಡೆದೀತು. ಫ್ಲೋರೈಡ್ ಊರಲ್ಲಿ ಫ್ಲೋರೈಡ್ ಅಳೆಯದೆ ಬೆರೆಸಬಾರದು.

ಇನ್ನು ಸೇವೆ. 2005ರಿಂದ 2008ರವರೆಗೆ ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ಒಂದು ಮಾತನ್ನು ಒತ್ತಿ ಹೇಳಿತು: ಜನ ಹುಟ್ಟಿ ಬೆಳೆಯುವ, ದುಡಿಯುವ, ಮುಪ್ಪಾಗುವ ಪರಿಸ್ಥಿತಿಗಳೇ ಅವರ ಆರೋಗ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಫಿಲ್ಟರ್ ಕೋಣೆಯ ಮುಂದಿನ ಸರದಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿದರೆ ಈ ಮಾತು ಅರ್ಥವಾಗುತ್ತದೆ. ಬೈಕಿನ ಎರಡೂ ಬದಿಗೆ ಕ್ಯಾನ್ ನೇತುಹಾಕಿಕೊಂಡು ಹೋಗುವವನಿಗೆ ಅರ್ಧ ಕಿಲೋಮೀಟರ್ ದೂರವೇ ಅಲ್ಲ. 20 ಲೀಟರ್ ಅಂದರೆ 20 ಕಿಲೋ. ಬಸುರಿ ಹೆಂಗಸಿಗೆ, ಒಂಟಿ ಮುದುಕಿಗೆ, ಈಗಾಗಲೇ ಮೊಣಕಾಲು ಬಿಗಿದವರಿಗೆ ಅದೇ ದೂರ ದೊಡ್ಡ ಅಡ್ಡಿ. ಅಂದರೆ ಹಳೆಯ ನೀರಿನಿಂದ ಹೆಚ್ಚು ಪೆಟ್ಟು ತಿಂದವರಿಗೇ ಹೊಸ ನೀರು ತರುವುದು ಕಷ್ಟ. ದುಡಿಯುವ ವಯಸ್ಸಿನವರು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮನೆಗಳಲ್ಲಿ ಕ್ಯಾನ್ ಎತ್ತುವ ಕೈಯೇ ಇರುವುದಿಲ್ಲ.

ಸಮಯವೂ ಅಷ್ಟೇ. ಹೆಸರು ಬಿಡಿಸುವ, ಉಳ್ಳಾಗಡ್ಡಿ ಕೀಳುವ, ಮೆಣಸಿನಕಾಯಿ ಹರಿಯುವ ಹಂಗಾಮಿನಲ್ಲಿ ಕೂಲಿ ಹೆಂಗಸರು ಬೆಳಿಗ್ಗೆ ಬೇಗ ಹೊರಟು ಹೊತ್ತು ಮುಳುಗಿದ ಮೇಲೆ ಮನೆ ಸೇರುತ್ತಾರೆ. ಎಂಟರಿಂದ ಹತ್ತು, ಮತ್ತೆ ನಾಲ್ಕರಿಂದ ಆರು ಎಂದು ಬಾಗಿಲು ತೆರೆಯುವ ಘಟಕ ಅವರ ಪಾಲಿಗೆ ಮುಚ್ಚಿದ ಘಟಕವೇ. ನಾಣ್ಯ ಅಥವಾ ಕಾರ್ಡ್ ಹಾಕಿ ಯಾವ ಹೊತ್ತಿನಲ್ಲಾದರೂ ತುಂಬಿಕೊಳ್ಳುವ ವ್ಯವಸ್ಥೆ ಇದಕ್ಕಿಂತ ಬಹಳ ಮೇಲು. ಅದರಲ್ಲೂ ಕಾರ್ಡ್ ವಾಸಿ, ನಾಣ್ಯದ ಪೆಟ್ಟಿಗೆ ಪದೇಪದೇ ಸಿಕ್ಕಿಕೊಳ್ಳುತ್ತದೆ. ಘಟಕ ಪಂಚಾಯ್ತಿ ಕಟ್ಟೆಯ ಬಳಿಯೋ ಬಸ್ ನಿಲ್ದಾಣದ ಎದುರೋ ಇದ್ದು ದಲಿತರ ಕೇರಿ ಊರಿನ ಇನ್ನೊಂದು ತುದಿಗಿದ್ದರೆ, ದೂರದ ಜೊತೆಗೆ ಸಂಕೋಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಥ ಊರಲ್ಲಿ ಘಟಕದಿಂದ ಕೇರಿಗೆ ಒಂದು ಪೈಪು, ಅದರ ತುದಿಗೆ ಒಂದು ನಳ ಹಾಕುವುದು ಎರಡನೇ ಯಂತ್ರ ತರುವುದಕ್ಕಿಂತ ಅಗ್ಗ ಮತ್ತು ಹೆಚ್ಚು ಉಪಯೋಗಿ.

ಬೆಲೆ ಹೆಚ್ಚಿನ ಕಡೆ 20 ಲೀಟರಿಗೆ 5 ರೂಪಾಯಿ. ದಿನಕ್ಕೊಂದು ಕ್ಯಾನ್ ತಂದರೆ ತಿಂಗಳಿಗೆ 150. ಇದು ದುಬಾರಿಯಲ್ಲ ಎಂದು ಹೇಳುವುದು ಸುಲಭ. ಆದರೆ ಈ ಬೆಲೆಯೇ ಮನೆಯೊಳಗೆ ಒಂದು ನಿಯಮವನ್ನು ಹುಟ್ಟಿಸುತ್ತದೆ: ಫಿಲ್ಟರ್ ನೀರು ಕುಡಿಯಲು ಮಾತ್ರ, ಅಡುಗೆಗೆ ಬೋರ್ ನೀರು. ನಮ್ಮ ಲೆಕ್ಕದಲ್ಲಿ ಈ ಸೇವೆಯ ಅತಿದೊಡ್ಡ ಸೋಲು ಇದೇ.

ಲೆಕ್ಕ ಹಾಕಿ ನೋಡಿ. ಬೋರ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಫಿಲ್ಟರ್ ನೀರಿನಲ್ಲಿ 0.3 ಎಂದಿಟ್ಟುಕೊಳ್ಳೋಣ. ಒಬ್ಬರು ದಿನಕ್ಕೆ 3 ಲೀಟರ್ ಫಿಲ್ಟರ್ ನೀರು ಕುಡಿದರೆ 0.9 ಮಿಲಿಗ್ರಾಂ. ಅನ್ನ, ಬ್ಯಾಳಿ, ಚಹಾ, ರೊಟ್ಟಿಯ ಹಿಟ್ಟು ಸೇರಿ ಅದೇ ವ್ಯಕ್ತಿಯ ಪಾಲಿಗೆ ಒಂದು ಲೀಟರ್ ಬೋರ್ ನೀರು ಬಂದರೆ 3 ಮಿಲಿಗ್ರಾಂ. ಕುಡಿಯುವ ನೀರನ್ನು ಪೂರ್ತಿ ಬದಲಿಸಿದ ಮೇಲೂ ಉಳಿಯುವ 3.9 ಮಿಲಿಗ್ರಾಂನಲ್ಲಿ ಮುಕ್ಕಾಲು ಪಾಲು ಅಡುಗೆಯದು. ಜೋಳದ ಹಿಟ್ಟಿಗೆ ಹೆಚ್ಚುಕಡಿಮೆ ಅದರ ತೂಕದಷ್ಟೇ ಕುದಿಯುವ ನೀರು ಬೇಕು. ಹಂಚಿನ ಮೇಲೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ರೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಐದು ಜನರ ಮನೆಗೆ ಅಡುಗೆಗೂ ಸೇರಿ ದಿನಕ್ಕೆ 20ರಿಂದ 25 ಲೀಟರ್, ಅಂದರೆ ಪೂರ್ತಿ ಒಂದು ಕ್ಯಾನ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಎರಡನೇ ಕ್ಯಾನಿಗೆ ಪಂಚಾಯ್ತಿ ಅರ್ಧ ಬೆಲೆ ಮಾಡಿದರೆ ಈ ನಿಯಮ ಮುರಿಯುವ ದಾರಿ ತೆರೆಯುತ್ತದೆ.

ಯಾರಿಗೆ ಮೊದಲು ಎಂಬ ಪ್ರಶ್ನೆಗೂ ವಿಜ್ಞಾನದಲ್ಲಿ ಸ್ಪಷ್ಟ ಉತ್ತರವಿದೆ. ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವುದು ಸುಮಾರು 8 ವರ್ಷದೊಳಗೆ. ಹಲ್ಲಿನ ಕಲೆ ಆಗುವುದು ಆ ವಯಸ್ಸಿನಲ್ಲಿ ಮಾತ್ರ. ಹಾಗಾಗಿ ದಿನದ ಮೊದಲ ಕ್ಯಾನುಗಳು ಅಂಗನವಾಡಿಗೆ, ಶಾಲೆಯ ಬಿಸಿಯೂಟದ ಅಡುಗೆಮನೆಗೆ, ಪುಕ್ಕಟೆಯಾಗಿ ಹೋಗಬೇಕು. ಊಟದಲ್ಲಿ ಹಾಲು, ಮೊಸರು, ನುಗ್ಗೆ ಸೊಪ್ಪು, ರಾಗಿ ಇದ್ದರೆ ಕ್ಯಾಲ್ಸಿಯಂ ಸಿಕ್ಕು ಫ್ಲೋರೈಡ್ ಹೀರಿಕೆ ತಗ್ಗುತ್ತದೆ. ಒಂದೇ ಬೋರ್ ನೀರು ಕುಡಿದರೂ ಬಡ ಮನೆಯ ಮಗುವಿಗೆ ಹೆಚ್ಚು ಹಾನಿಯಾಗುವುದಕ್ಕೆ ಇದೂ ಒಂದು ಕಾರಣ.

ಕ್ಯಾನಿನ ಬಗ್ಗೆ ಒಂದು ಎಚ್ಚರಿಕೆ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹೊರಗೆ ಬಂದಮೇಲೆ ಅದನ್ನು ಕಾಯುವುದು ಪಾತ್ರೆಯ ಸ್ವಚ್ಛತೆ ಒಂದೇ. ಕ್ಯಾನಿನ ಸಣ್ಣ ಬಾಯಿಯೊಳಗೆ ಕೈ ಹೋಗದು, ಗೋಡೆಗೆ ಲೋಳೆ ಕಟ್ಟುತ್ತದೆ. ವಾರಕ್ಕೊಮ್ಮೆ 2 ಲೀಟರ್ ನೀರಿಗೆ ಕಾಲು ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಕ್ಯಾನಿಗೆ ಹಾಕಿ, ಚೆನ್ನಾಗಿ ಅಲುಗಾಡಿಸಿ, ಅರ್ಧ ತಾಸು ಬಿಟ್ಟು, ಫಿಲ್ಟರ್ ನೀರಿನಿಂದಲೇ ಎರಡು ಸಲ ತೊಳೆಯಿರಿ. ಮನೆಯಲ್ಲಿ ನಳವಿರುವ ಮುಚ್ಚಿದ ಪಾತ್ರೆ ಉತ್ತಮ. ಕೊಡಕ್ಕೆ ಲೋಟ ಅದ್ದಿದರೆ ಬೆರಳಿನ ಕೊಳೆಯೂ ಇಳಿಯುತ್ತದೆ.

ಘಟಕ ಹೊರಗೆ ಚೆಲ್ಲುವ ನೀರೂ ಈ ಸೇವೆಯ ಭಾಗವೇ. ಒಳಹೋದ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೊರಬೀಳುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಮ್ಮಡಿ. ಅದನ್ನು ದನದ ದೋಣಿಗೆ ಬಿಡಬೇಡಿ, ದನಗಳ ಎಲುಬಿಗೂ ಅದು ಅಷ್ಟೇ ಕೆಟ್ಟದ್ದು. ಬೋರಿನ ಬುಡದಲ್ಲಿ ಇಂಗಲೂ ಬಿಡಬಾರದು. ಶೌಚಾಲಯಕ್ಕೆ, ವಾಹನ ತೊಳೆಯಲು ಬಳಸಬಹುದು.

ದುರಸ್ತಿ ತಡವಾಗುವುದರ ಹಿಂದೆಯೂ ಬಡತನದ ಲೆಕ್ಕವಿದೆ. ದಿನಕ್ಕೆ 150 ಕ್ಯಾನ್ ಹೋದರೆ ತಿಂಗಳಿಗೆ 22,500 ರೂಪಾಯಿ ಬರುತ್ತದೆ. ನಿರ್ವಾಹಕರ ಸಂಬಳ, ಕರೆಂಟು, ಕಾರ್ಟ್ರಿಜ್, ಆಂಟಿಸ್ಕೇಲಂಟ್ ಎಲ್ಲ ಅದರಲ್ಲೇ. 40 ಕ್ಯಾನ್ ಹೋಗುವ ಸಣ್ಣ ಊರಿನ ಘಟಕಕ್ಕೆ 6,000 ಮಾತ್ರ, ಆದರೆ ಪೊರೆಯ ಬೆಲೆ ಎರಡೂ ಕಡೆ ಒಂದೇ. ಒಳ್ಳೆಯ ಚಿಕಿತ್ಸೆ ಹೆಚ್ಚು ಬೇಕಾದಲ್ಲೇ ಕಡಿಮೆ ಸಿಗುತ್ತದೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದದ್ದು ಇಲ್ಲಿ ನೀರಿಗೂ ಅನ್ವಯಿಸುತ್ತದೆ. ಪ್ರತಿ ಘಟಕವೂ ತನ್ನ ಖರ್ಚು ತಾನೇ ದುಡಿಯಲಿ ಎನ್ನುವ ಕ್ರಮವನ್ನು ಬಿಟ್ಟು, ತಾಲ್ಲೂಕಿನ ಘಟಕಗಳಿಗೆಲ್ಲ ಒಂದೇ ದುರಸ್ತಿ ನಿಧಿ ಮತ್ತು ಬಿಡಿಭಾಗಗಳ ಒಂದು ದಾಸ್ತಾನು ಇರಬೇಕು.

ತುಂಗಭದ್ರಾ, ಮಲಪ್ರಭಾ ನದಿಗಳ ನೀರು ನಳಕ್ಕೆ ಬರುವ ಊರುಗಳಲ್ಲಿ ಫಿಲ್ಟರಿಗಿಂತ ಅದೇ ಒಳ್ಳೆಯದು, ಅಡುಗೆಗೂ ಸಾಕಾಗುತ್ತದೆ. ಒಂದು ಅಪಾಯ ಮಾತ್ರ ಗಮನಿಸಬೇಕು. ನದಿ ನೀರು ಕಡಿಮೆ ಬಂದ ದಿನ ಅದೇ ಮೇಲ್ತೊಟ್ಟಿಗೆ ಬೋರ್ ನೀರು ಬಿಟ್ಟರೆ ಫ್ಲೋರೈಡ್ ಸದ್ದಿಲ್ಲದೆ ವಾಪಸ್ ಬರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಜಲ ಜೀವನ್ ಮಿಷನ್ ನಿಯಮದಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕು. ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಆಗಬೇಕು. ನಿಮ್ಮ ಊರಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ. ನಳದ ನೀರು, ಮೇಲ್ತೊಟ್ಟಿಯ ನೀರು, ಫಿಲ್ಟರ್ ನೀರು ಮೂರನ್ನೂ ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ, ಫ್ಲೋರೈಡ್ ಎಷ್ಟು, ನಳದ ನೀರಲ್ಲಿ ಉಳಿದ ಕ್ಲೋರಿನ್ 0.2 ಮಿಲಿಗ್ರಾಂ ಇದೆಯೋ ಇಲ್ಲವೋ ಎಂಬುದನ್ನು ಫಿಲ್ಟರ್ ಕೋಣೆಯ ಗೋಡೆಯ ಮೇಲೆ ತಾರೀಖು ಸಮೇತ ಬರೆಸಿ.