ಕೆರೆ ಕೆಟ್ಟದ್ದನ್ನು ತೆರೆಯ ಮೇಲೆ ತೋರಿಸುವುದು: ಉಪಗ್ರಹ, ಡ್ರೋನ್, ಟೈಮ್‌ಲ್ಯಾಪ್ಸ್, ಹಳೇ ಫೋಟೊ

ಬೆಂಗಳೂರಿನ ಕೆರೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರಿಗೆ ಮೊದಲು ಎದುರಾಗುವ ತೊಡಕು ಸಮಯದ್ದು. ಕೆರೆ ಕೆಡಲು ವರ್ಷಗಳು ಬೇಕು, ಶೂಟಿಂಗ್‌ಗೆ ಸಿಗುವುದು ಕೆಲವೇ ದಿನ. ಬೆಳ್ಳಂದೂರು ಕೆರೆಯಲ್ಲಿ 2015, 2017, 2018ರಲ್ಲಿ ಬೆಂಕಿ ಹೊತ್ತಿಕೊಂಡಾಗ ಕ್ಯಾಮೆರಾಗಳಿಗೆ ಬರವಿರಲಿಲ್ಲ. ಅದಕ್ಕೂ ಹಿಂದಿನ ವರ್ಷಗಳನ್ನು ತೋರಿಸುವುದೇ ಕಷ್ಟ. ನಾಲ್ಕು ದಾರಿಗಳನ್ನೂ ಬಳಸಿ ನೋಡಿದ ಮೇಲೆ ಹೇಳಬಹುದಾದದ್ದು: ನಾಲ್ಕೂ ಒಂದೊಂದು ಕಡೆ ಸುಳ್ಳು ಹೇಳುತ್ತವೆ. ಎಲ್ಲಿ ಅಂತ ಗೊತ್ತಿದ್ದರೆ ಆಯ್ಕೆ ಸುಲಭ.

ಉಪಗ್ರಹ ಚಿತ್ರ

ಹಣ ಕೊಡದೆ ಸಿಗುವ ಹಳೆಯ ಸಾಕ್ಷಿ ಇದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸಂಗ್ರಹ 1972ರಿಂದ ಇದೆ. 30 ಮೀಟರ್ ಸ್ಪಷ್ಟತೆಯ (ಒಂದು ಪಿಕ್ಸೆಲ್ ಎಂದರೆ ನೆಲದ 30 ಮೀಟರ್) ಚಿತ್ರಗಳು ಶುರುವಾಗುವುದು 1980ರ ದಶಕದಿಂದ. 10 ಮೀಟರ್ ಸ್ಪಷ್ಟತೆಯ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 2015ರಿಂದ ಸಿಗುತ್ತವೆ. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಹಾಕಿ. ಬೆಳ್ಳಂದೂರು ಕೆರೆಯ ಉದ್ದ ಸುಮಾರು 3.6 ಕಿಲೋಮೀಟರ್. ಲ್ಯಾಂಡ್‌ಸ್ಯಾಟ್‌ನಲ್ಲಿ ಅದು 120 ಪಿಕ್ಸೆಲ್, ಸೆಂಟಿನೆಲ್‌ನಲ್ಲಿ 360. ನಿಮ್ಮ ಎಚ್‌ಡಿ ಫ್ರೇಮಿನ ಅಗಲ 1920. ಕೆರೆಯೊಂದನ್ನೇ ತೆರೆತುಂಬ ಹಿಗ್ಗಿಸಿದರೆ ಕಾಣುವುದು ಬಣ್ಣದ ಚೌಕಗಳಷ್ಟೇ. ಮೂವತ್ತು ಅಡಿ ಅಗಲದ ರಾಜಕಾಲುವೆ ಒಂದೇ ಪಿಕ್ಸೆಲ್‌ನೊಳಗೆ ಮಾಯ. ಹಾಗಾಗಿ ಒತ್ತುವರಿ ತೋರಿಸಲು ಇದು ಕೆಲಸಕ್ಕೆ ಬಾರದು. ಕೆರೆಯ ಸುತ್ತ ಊರು ಬೆಳೆದದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ತಪ್ಪುವುದು ಮುಖ್ಯವಾಗಿ ಮೂರು ಕಡೆ. ಒಂದು, ತಿಂಗಳು. ಜನವರಿಯ ತುಂಬಿದ ಕೆರೆಯ ಪಕ್ಕ ಮೇ ತಿಂಗಳ ಕೆರೆಯನ್ನಿಟ್ಟು ‘ಬತ್ತಿದೆ’ ಎಂದರೆ ಅದು ಬರೀ ಬೇಸಿಗೆ. ಎರಡೂ ವರ್ಷದ್ದು ಒಂದೇ ತಿಂಗಳಿರಲಿ. ಮೋಡದ ಕಾಟವಿಲ್ಲದ ಫೆಬ್ರವರಿ ನಮ್ಮ ಕಡೆ ವಾಸಿ. ಎರಡು, ಬಣ್ಣ. ತಂತ್ರಾಂಶ ಪ್ರತಿ ಚಿತ್ರದ ಕಾಂಟ್ರಾಸ್ಟನ್ನು ತಾನೇ ಹಿಗ್ಗಿಸುತ್ತದೆ, ಇಲ್ಲದ ಬದಲಾವಣೆ ಹುಟ್ಟಿಕೊಳ್ಳುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಕನಿಷ್ಠ–ಗರಿಷ್ಠ ಮೌಲ್ಯಗಳನ್ನು ಕೈಯಾರೆ ಹಾಕಿ, ಎರಡಕ್ಕೂ ಒಂದೇ ಇಡಿ. ಆದರೂ ಬೇರೆ ಬೇರೆ ಉಪಗ್ರಹಗಳ ಬಣ್ಣ ಪೂರ್ತಿ ಕೂಡುವುದಿಲ್ಲ. ಮೂರು, ಜಲಕಳೆ. ನೀರಿನ ಮೇಲಿನ ಹಸಿರು ನೋಡುಗರಿಗೆ ನೆಲದಂತೆ ಕಾಣುತ್ತದೆ. ಸಾಲದ್ದಕ್ಕೆ ಗಾಳಿ ಬೀಸಿದ ಕಡೆಗೆ ಕಳೆಯ ಹಾಸು ಒಂದೇ ದಿನದಲ್ಲಿ ಈ ದಡದಿಂದ ಆ ದಡಕ್ಕೆ ಸರಿಯುತ್ತದೆ. ಎರಡೇ ದಿನಾಂಕ ಆರಿಸಿಕೊಂಡರೆ ‘ಹಬ್ಬಿತು’ ಅಂತಲೂ ತೋರಿಸಬಹುದು, ‘ಸ್ವಚ್ಛವಾಯಿತು’ ಅಂತಲೂ ತೋರಿಸಬಹುದು. ವರ್ಷಕ್ಕೆ ಮೂರು ನಾಲ್ಕು ಚಿತ್ರವಾದರೂ ನೋಡಿ ತೀರ್ಮಾನಿಸಿ. ಮೇ 2003ರ ನಂತರದ ಲ್ಯಾಂಡ್‌ಸ್ಯಾಟ್-7 ಚಿತ್ರಗಳಲ್ಲಿ ಓರೆಯಾದ ಕಪ್ಪು ಪಟ್ಟಿಗಳಿರುತ್ತವೆ, ಉಪಗ್ರಹದ ಒಂದು ಭಾಗ ಕೆಟ್ಟಿದ್ದರಿಂದ. ಆ ವರ್ಷಗಳಿಗೆ ಲ್ಯಾಂಡ್‌ಸ್ಯಾಟ್-5 ಹುಡುಕಿ.

ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು ಇವಕ್ಕಿಂತ ಎಷ್ಟೋ ಸ್ಪಷ್ಟ, ರಾಜಕಾಲುವೆಯೂ ಕಾಣುತ್ತದೆ. ಆದರೆ ಚಿತ್ರ ತೆರೆಯ ಮೇಲಿರುವಷ್ಟು ಹೊತ್ತೂ ಅದರ ಮೂಲದ ಹೆಸರು ಕಾಣಬೇಕೆಂಬ ನಿಯಮವಿದೆ. ಕೊನೆಯ ಟೈಟಲ್‌ಗೆ ತಳ್ಳುವಂತಿಲ್ಲ.

ಡ್ರೋನ್

ಎಲ್ಲರಿಗೂ ಬೇಕಾದದ್ದು, ನಮ್ಮ ಲೆಕ್ಕದಲ್ಲಿ ಕಡಿಮೆ ಕೆಲಸಕ್ಕೆ ಬರುವುದು. ಡ್ರೋನ್ ಜಾಗವನ್ನು ತೋರಿಸುತ್ತದೆ, ಬದಲಾವಣೆಯನ್ನಲ್ಲ. ನೂರು ಮೀಟರ್ ಮೇಲಿಂದ ಕೊಳೆತ ಕೆರೆಯೂ ಚೆಂದ ಕಾಣುತ್ತದೆ, ನೊರೆ ಮಂಜಿನಂತೆ. ಚಿತ್ರದ ವಾದಕ್ಕೇ ಏಟು.

ಅನುಮತಿಯ ಮಾತು: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಅಷ್ಟಕ್ಕೇ ಎಲ್ಲಿ ಬೇಕಾದರೂ ಹಾರಿಸಬಹುದು ಅಂದುಕೊಳ್ಳಬೇಡಿ. ಹಾರಾಟಕ್ಕೆಂದು ಆಕಾಶವನ್ನು ವಿಂಗಡಿಸಿದ ಹಸಿರು, ಹಳದಿ, ಕೆಂಪು ವಲಯಗಳ ನಿರ್ಬಂಧ ನ್ಯಾನೊಗೂ ಉಂಟು. ಬೆಳ್ಳಂದೂರಿನ ಪಕ್ಕದಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣ. ಈ ವಲಯಗಳನ್ನು ತೋರಿಸುವ ಸರ್ಕಾರಿ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆ ನೋಡದೆ ಪೆಟ್ಟಿಗೆ ತೆರೆಯಲೇಬೇಡಿ. ಕಸದ ರಾಶಿಯಿರುವ ಕಡೆ ಹದ್ದುಗಳು ಹಿಂಡಾಗಿರುತ್ತವೆ, ಡ್ರೋನ್ ಮೇಲೆ ಎರಗುತ್ತವೆ.

ನೇರ ಕೆಳಗೆ ನೋಡುವ ಫೋಟೊಗಳನ್ನು ಹೊಲಿದು ನಕ್ಷೆ ಮಾಡುವ ಆಸೆಯಿದ್ದರೆ ಹಾರುವ ದಿಕ್ಕಿಗೆ ಶೇ 75–80, ಪಕ್ಕಕ್ಕೆ ಶೇ 60–70ರಷ್ಟು ಒಂದರ ಮೇಲೊಂದು ಬರುವಂತೆ ತೆಗೆಯಿರಿ. ದಡ ಚೆನ್ನಾಗಿ ಕೂಡಿಕೊಳ್ಳುತ್ತದೆ. ನೀರು ಕೂಡುವುದಿಲ್ಲ: ಅಲೆ, ಪ್ರತಿಫಲನ, ನೊರೆ ಎಲ್ಲ ಚಲಿಸುತ್ತಿರುವುದರಿಂದ ತಂತ್ರಾಂಶಕ್ಕೆ ಹಿಡಿದುಕೊಳ್ಳಲು ಗುರುತೇ ಸಿಗದೆ ಕೆರೆಯ ನಡುವೆ ತೂತು ಬೀಳುತ್ತದೆ.

ಟೈಮ್‌ಲ್ಯಾಪ್ಸ್

ಬದಲಾವಣೆಯ ವೇಗ ನೋಡಿ ಎರಡು ಫ್ರೇಮ್‌ಗಳ ನಡುವಿನ ಅಂತರ ಆರಿಸಿ. ಕೋಡಿಯಲ್ಲಿ ನೊರೆ ಏಳುವುದಕ್ಕೆ 2 ಸೆಕೆಂಡ್. 250 ಫ್ರೇಮ್, ಅಂದರೆ ತೆರೆಯ ಮೇಲಿನ 10 ಸೆಕೆಂಡ್, ಎಂಟೂವರೆ ನಿಮಿಷದೊಳಗೆ ಸಿಗುತ್ತದೆ. ಸಾಬೂನಿನ ಅಂಶ ತುಂಬಿದ ನೀರು ಎತ್ತರದಿಂದ ಬಿದ್ದು ಕಡೆದಂತಾಗುವುದರಿಂದ ನೊರೆ ಕೋಡಿಯಲ್ಲೇ ಹೆಚ್ಚು. ಜೋರು ಮಳೆ ಬಂದು ತಳದ ಹೂಳು ಕದಡಿದಾಗ ಇನ್ನೂ ಹೆಚ್ಚು. ಕಳೆಯ ಹಾಸು ಸರಿಯುವುದಕ್ಕೆ 5–10 ನಿಮಿಷ. ಇಡೀ ವರ್ಷಕ್ಕೆ ದಿನಕ್ಕೊಂದು ಫ್ರೇಮ್ ಸಾಕು ಎನಿಸುತ್ತದೆ, ಆದರೆ ಬರುವುದು 15 ಸೆಕೆಂಡಿಗೂ ಕಡಿಮೆ, ಅದರಲ್ಲೂ ಮೋಡ–ಬಿಸಿಲಿನಿಂದ ಕಣ್ಣು ಕುಕ್ಕುವ ಮಿಣುಕು. ಒಂದೇ ಹೊತ್ತಿನ ಸುತ್ತ ದಿನಕ್ಕೆ ಐದಾರು ಫ್ರೇಮ್ ತೆಗೆದು, ಬೆಳಕು ಹೊಂದುವುದನ್ನು ಆಯ್ದುಕೊಳ್ಳಿ.

ಒಂದೇ ದಿನದ ಶಾಟ್‌ನಲ್ಲೂ ಮಿಣುಕು ಬಂದರೆ ಕಾರಣ ಸಾಮಾನ್ಯವಾಗಿ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಂಡಿ): ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಜಾಗಕ್ಕೆ ಮುಚ್ಚಿಕೊಳ್ಳುತ್ತದೆ. ಕೈಯಿಂದ ತಿರುಗಿಸುವ ಹಳೇ ಲೆನ್ಸ್ ಹಾಕಿದರೆ ಹೋಗುತ್ತದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನ್ಯುಯಲ್.

ಉತ್ತರಕ್ಕೆ ಮುಖ ಮಾಡಿಟ್ಟರೆ ಬಿಸಿಲು ಹೊಡೆಯುವುದಿಲ್ಲ ಎಂಬ ಸಲಹೆ ಯುರೋಪಿನ ಕೈಪಿಡಿಗಳಿಂದ ಬಂದದ್ದು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ಇರುತ್ತಾನೆ. ಮೇಲೊಂದು ಸಣ್ಣ ಮಾಡು ಇರಲಿ. ಕ್ಯಾಮೆರಾ ಇಟ್ಟ ಪೆಟ್ಟಿಗೆಯೊಳಗಿನ ಸಿಲಿಕಾ ಜೆಲ್ ಮಳೆಗಾಲದಲ್ಲಿ ಬೇಗ ತೇವ ಹೀರಿ ಸತ್ತುಹೋಗುತ್ತದೆ, ಗಾಜಿನ ಮುಂದೆ ಜೇಡ ಬಲೆ ಕಟ್ಟುತ್ತದೆ. ಎರಡಕ್ಕೂ ಮದ್ದು ವಾರಕ್ಕೊಮ್ಮೆ ಹೋಗಿ ಒರೆಸಿ ಬರುವ ಸ್ಥಳೀಯರೊಬ್ಬರು. ಕಳ್ಳತನಕ್ಕೂ ಅವರೇ ಕಾವಲು.

ಹಳೇ ಫೋಟೊ, ಅದೇ ಜಾಗ

ದುಡ್ಡು ಇಲ್ಲದವರಿಗೆ ಅಂತ ಇದನ್ನು ಕೊನೆಗೆ ಇಡುತ್ತಾರೆ. ನಮಗೆ ಇದೇ ಮೊದಲು. ಕೆರೆ ಏರಿಯ ಮೇಲೆ ನಿಂತು ತೆಗೆಸಿಕೊಂಡ ಮದುವೆ, ಜಾತ್ರೆ, ತೆಪ್ಪೋತ್ಸವದ ಫೋಟೊಗಳು ಊರಿನ ಮನೆಗಳಲ್ಲಿ ಇರುತ್ತವೆ. ಹಿನ್ನೆಲೆಯಲ್ಲಿ ನೀರು ಇದ್ದರೆ ಸಾಕು.

ಜಾಗ ಹುಡುಕುವುದು ಹೀಗೆ. ಫೋಟೊದಲ್ಲಿ ಇವತ್ತಿಗೂ ಉಳಿದಿರುವ ಹತ್ತಿರದ ಒಂದು ವಸ್ತು (ತೂಬಿನ ಕಲ್ಲು), ದೂರದ ಒಂದು ವಸ್ತು (ಗೋಪುರದ ತುದಿ) ಆರಿಸಿ. ಹಳೇ ಫೋಟೊಗಿಂತ ಈಗ ಕಲ್ಲು ಗೋಪುರದ ಬಲಕ್ಕೆ ಹೆಚ್ಚು ಸರಿದು ಕಂಡರೆ ನೀವೂ ಬಲಕ್ಕೆ ಹೆಜ್ಜೆ ಇಡಿ, ಕಲ್ಲು ಎಡಕ್ಕೆ ಬರುತ್ತದೆ. ಇಂಥ ಎರಡು ಜೋಡಿ ಒಟ್ಟಿಗೆ ಕೂಡಿದ ಕಡೆಯೇ ಹಳೇ ಕ್ಯಾಮೆರಾ ನಿಂತಿದ್ದ ಜಾಗ. ಅದಾಗುವವರೆಗೂ ಜೂಮ್ ಮುಟ್ಟಬೇಡಿ. ಜೂಮ್ ಚೌಕಟ್ಟನ್ನು ಬದಲಿಸುತ್ತದೆ, ವಸ್ತುಗಳ ಪರಸ್ಪರ ನೋಟವನ್ನಲ್ಲ. ಸ್ಟುಡಿಯೋದವರು ಅಂಚು ಕತ್ತರಿಸಿರುವುದು ಮಾಮೂಲು, ಅಂಚನ್ನು ನಂಬಬೇಡಿ. ಜೋಡಿಗಳು ಅಡ್ಡಕ್ಕೆ ಕೂಡಿದರೂ ಎತ್ತರ ಕೂಡದಿದ್ದರೆ ಏರಿಯನ್ನು ಅನುಮಾನಿಸಿ: ವಾಕಿಂಗ್ ಪಥಕ್ಕೆಂದು ಮಣ್ಣು ಹಾಕಿ ಎತ್ತರಿಸಿರುತ್ತಾರೆ, ಟ್ರೈಪಾಡನ್ನು ಇಳಿಜಾರಿಗೆ ಇಳಿಸಬೇಕಾಗುತ್ತದೆ. ಸಿಕ್ಕ ಮೇಲೆ ಜಿಪಿಎಸ್, ಲೆನ್ಸಿನ ಎತ್ತರ, ಫೋಕಲ್ ಲೆಂತ್, ಗಂಟೆ ಬರೆದಿಟ್ಟುಕೊಳ್ಳಿ. ಜಿಪಿಎಸ್ ಒಂದನ್ನೇ ನಂಬಿದರೆ ಮುಂದಿನ ಸಲ ಮೂರು ನಾಲ್ಕು ಮೀಟರ್ ಆಚೆ ನಿಂತಿರುತ್ತೀರಿ.

ಇದರ ಸುಳ್ಳು ಯಾವುದೆಂದರೆ, ಇದು ತೋರಿಸುವುದು ಒಂದೇ ದಡ. ಅದಕ್ಕೇ ಇದನ್ನು ಉಪಗ್ರಹ ಚಿತ್ರದ ಜೊತೆ ಇಡಿ, ಡ್ರೋನ್‌ಗೆ ಇಟ್ಟ ಹಣವನ್ನು ಇದರ ಓಡಾಟಕ್ಕೆ ಹಾಕಿ. ಸಂಕಲನದಲ್ಲಿ ಪರದೆ ಸೀಳಿ ಪಕ್ಕಪಕ್ಕ ತೋರಿಸುವುದಕ್ಕಿಂತ ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ನಿಧಾನವಾದ ಡಿಸಾಲ್ವ್ ಮೇಲು, ನಾಲ್ಕೈದು ಸೆಕೆಂಡಿನದು. ಗೋಪುರ ಅಲ್ಲೇ ನಿಂತಿದ್ದು ನೀರು ಮಾತ್ರ ಕಟ್ಟಡವಾಗುವುದನ್ನು ಕಣ್ಣು ಹಿಂಬಾಲಿಸಬಹುದು. ಮೂಲೆಯಲ್ಲಿ ‘ಅಂದು’, ‘ಇಂದು’ ಎಂದು ಬರೆಯದೆ ತಿಂಗಳು, ವರ್ಷ ಹಾಕಿ. ಫೋಟೊ ಕೊಟ್ಟ ಮನೆಯವರಿಗೂ ವರ್ಷ ನೆನಪಿಲ್ಲದಿದ್ದರೆ ದಶಕ ಹಾಕಿ, ಊಹೆಯ ವರ್ಷ ಬೇಡ.