ಬಯಾಲಜಿ ಓದುವವರಿಗೆ ಚೆಂಡು-ಕಡ್ಡಿ ಕಿಟ್: ಕೊಳ್ಳುವ ಮುಂಚೆ ಚೆಂಡು ಎಣಿಸಿ

ಅಣುಗಳ ಮಾದರಿ ಕಟ್ಟುವ ಪ್ಲಾಸ್ಟಿಕ್ ಕಿಟ್‌ಗಳನ್ನು ಹೆಚ್ಚಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಮೊದಲ ಪಿಯುಸಿಯ ಬಯೋಮಾಲಿಕ್ಯೂಲ್ಸ್ ಪಾಠದಲ್ಲಿ ತಡವರಿಸುವವರಿಗೂ ಇವು ಒದಗುತ್ತವೆ, ಆದರೆ ಒಳಗೇನಿದೆ ಎಂದು ನೋಡಿ ಕೊಂಡರೆ ಮಾತ್ರ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ತುಂಡುಗಳ ಲೆಕ್ಕಕ್ಕೆ ಮರುಳಾಗಬೇಡಿ, ಅದರಲ್ಲಿ ಕಡ್ಡಿಗಳೂ ಸೇರಿರುತ್ತವೆ. ಒಂದು ಗ್ಲೂಕೋಸ್ ಉಂಗುರಕ್ಕೆ 6 ಕಪ್ಪು (ಕಾರ್ಬನ್), 6 ಕೆಂಪು (ಆಕ್ಸಿಜನ್), 12 ಬಿಳಿ (ಹೈಡ್ರೋಜನ್) ಚೆಂಡು, 24 ಕಡ್ಡಿ ಬೇಕು. ಆದರೆ ಒಂದೇ ಗ್ಲೂಕೋಸ್ ಕಟ್ಟಿಟ್ಟರೆ ಕಲಿಯುವುದು ಅಷ್ಟಕ್ಕಷ್ಟೇ. ಎರಡು ಕಟ್ಟಿ, ಒಂದರ 1ನೇ ಕಾರ್ಬನ್ನಿನ ಓಎಚ್ (ಒಂದು ಕೆಂಪು, ಒಂದು ಬಿಳಿ ಚೆಂಡಿನ ಜೋಡಿ) ಪೂರ್ತಿ ಕಿತ್ತು, ಇನ್ನೊಂದರ 4ನೇ ಕಾರ್ಬನ್ನಿನ ಓಎಚ್‌ನಿಂದ ಬಿಳಿ ಚೆಂಡು ಮಾತ್ರ ತೆಗೆದು ಬೆಸೆದರೆ ಮಾಲ್ಟೋಸ್ ಎಂಬ ಸಕ್ಕರೆ (ಮೊದಲನೆಯದು ಕೆಳಗೆ ಹೇಳುವ ಆಲ್ಫಾ ರೂಪದ್ದಾಗಿರಬೇಕು). ಮೇಜಿನ ಮೇಲೆ ಉಳಿದ ಮೂರು ಚೆಂಡು ಜೋಡಿಸಿ ನೋಡಿ, ನೀರು! ನಿರ್ಜಲೀಕರಣ ಎಂಬ ಮಾತು ಆಮೇಲೆ ಬಾಯಿಪಾಠ ಮಾಡಬೇಕಾಗಿಲ್ಲ. ಇದಕ್ಕೆ ಕಪ್ಪು, ಕೆಂಪು ತಲಾ 12, ಬಿಳಿ 24 ಬೇಕು. ಸಣ್ಣ ಕಿಟ್‌ಗಳು ಕೈಕೊಡುವುದು ಇಲ್ಲೇ.

ಗ್ಲೂಕೋಸ್ ಉಂಗುರದ ಎರಡು ರೂಪಗಳಾದ ಆಲ್ಫಾ, ಬೀಟಾ ಗೊಂದಲವೂ ಇದರಲ್ಲೇ ಬಿಡಿಸಬಹುದು. 1ನೇ ಕಾರ್ಬನ್ನಿನ ಓಎಚ್, 6ನೇ ಕಾರ್ಬನ್ ಚಾಚಿಕೊಂಡಿರುವ ಕಡೆಗೇ ಇದ್ದರೆ ಬೀಟಾ, ಎದುರು ಕಡೆಗಿದ್ದರೆ ಆಲ್ಫಾ. ಕಡ್ಡಿ ತಿರುಗಿಸಿದರೆ ಒಂದು ಇನ್ನೊಂದಾಗದು; 1ನೇ ಕಾರ್ಬನ್ನಿನ ಎಚ್ ಮತ್ತು ಓಎಚ್ ಎರಡನ್ನೂ ಕಿತ್ತು ಅದಲುಬದಲು ಮಾಡಬೇಕು. ಆಲ್ಫಾ ಸರಪಳಿ ಪಿಷ್ಟ, ಬೀಟಾ ಸರಪಳಿ ಸೆಲ್ಯುಲೋಸ್. ಅನ್ನ ಅರಗಿಸುವ ನಮ್ಮ ಕಿಣ್ವಗಳು ಹುಲ್ಲಿನ ಮುಂದೆ ಸೋಲುವುದು ಆ ಒಂದು ಓಎಚ್ ಯಾವ ಕಡೆಗಿದೆ ಎಂಬುದರಿಂದ.

ಇನ್ನು ನೀಲಿ ಚೆಂಡು, ಅಂದರೆ ನೈಟ್ರೋಜನ್. ಒಂದು ತೂತಿಗೆ ಒಂದು ಬಂಧ; ಮೂರೇ ತೂತಿನವು ಇರುವ ಕಿಟ್ ಬಯಾಲಜಿಗೆ ಸಾಲದು. ಜೀವಕೋಶದೊಳಗೆ ಗ್ಲೈಸಿನ್ ಎಂಬ ಅಮೈನೋ ಆಮ್ಲದ ನೈಟ್ರೋಜನ್ ಸಾಮಾನ್ಯವಾಗಿ ಮೂರು ಹೈಡ್ರೋಜನ್ ಹೊತ್ತು ಧನ ಆವೇಶದಲ್ಲಿರುತ್ತದೆ. ಅದಕ್ಕೆ ನಾಲ್ಕು ತೂತು ಬೇಕು. ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧಕ್ಕೂ ಹಾಗೆಯೇ. ಒಂದೇ ಕಡ್ಡಿಯಲ್ಲಿ ಕಾರ್ಬನ್-ನೈಟ್ರೋಜನ್ ಜೋಡಿಸಿದರೆ ಸರಾಗವಾಗಿ ತಿರುಗುತ್ತದೆ, ನಿಜದಲ್ಲಿ ತಿರುಗುವುದಿಲ್ಲ. ಉಪಾಯವಿದೆ: ಆ ಕಾರ್ಬನ್ನಿನಿಂದ ಆಕ್ಸಿಜನ್‌ಗೆ ಒಂದೇ ಕಡ್ಡಿ ಹಾಕಿ, ನಾಲ್ಕು ತೂತಿನ ನೈಟ್ರೋಜನ್‌ಗೆ ಬಾಗುವ ಉದ್ದ ಕಡ್ಡಿ ಎರಡು ಹಾಕಿ. ಆ ಕಾರ್ಬನ್, ನೈಟ್ರೋಜನ್, ಅವಕ್ಕೆ ಅಂಟಿದ ನಾಲ್ಕು, ಹೀಗೆ ಆರೂ ಚೆಂಡು ಒಂದೇ ಸಮತಲಕ್ಕೆ ಬಂದು ಬಿಗಿಯಾಗಿ ನಿಲ್ಲುತ್ತವೆ. ಆ ಬಂಧಕ್ಕೆ ಅರ್ಧಂಬರ್ಧ ಜೋಡಿ ಬಂಧದ ಗುಣವಿದೆ ಎನ್ನುವುದು ಆಗ ಕೈಗೇ ತಿಳಿಯುತ್ತದೆ. ಫಾಸ್ಫರಸ್ ಚೆಂಡಿಗೆ ಐದು ತೂತಿದ್ದರೆ ಫಾಸ್ಫೇಟನ್ನು ಪುಸ್ತಕದಲ್ಲಿ ಬರೆದಂತೆಯೇ ಕಟ್ಟಬಹುದು.

ಬಾಗುವ ಕಡ್ಡಿ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಬುಡದಲ್ಲಿ ಬಿಳಿಗೆರೆ ಮೂಡಿ ಮುರಿಯುತ್ತದೆ. ಬಿಡಿಸುವಾಗ ಓರೆಯಾಗಿ ಎಳೆಯಬೇಡಿ, ಸ್ವಲ್ಪ ತಿರುಚಿ ನೇರವಾಗಿ ಹೊರತೆಗೆಯಿರಿ. ಓರೆ ಎಳೆದರೆ ತೂತು ಸಡಿಲವಾಗುತ್ತದೆ, ಸಡಿಲವಾದ ಕಪ್ಪು ಚೆಂಡು ಕೆಲಸಕ್ಕೆ ಬಾರದು.

ಹೈಡ್ರೋಜನ್ ಬಂಧ (ಅಣುಗಳ ನಡುವಿನ ದುರ್ಬಲ ಸೆಳೆತ) ತೋರಿಸಲು ಸಾಧಾರಣ ಕಿಟ್‌ಗಳಲ್ಲಿ ಏನೂ ಇರುವುದಿಲ್ಲ. ಎರಡು ನೀರಿನ ಅಣುಗಳ ನಡುವೆ ಅದೇ ಕಡ್ಡಿ ಸಿಕ್ಕಿಸಿದರೆ ಅದೂ ಕೋವೇಲೆಂಟ್ (ಎಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ) ಬಂಧವೇ ಎಂದು ತಲೆಯಲ್ಲಿ ಕೂತುಬಿಡುತ್ತದೆ. ದಾರ, ಟೇಪು ಬಳಸಿ, ಒಂದರ ಬಿಳಿಯಿಂದ ಇನ್ನೊಂದರ ಕೆಂಪಿಗೆ ಕಟ್ಟಿ. ಪಿಎಚ್, ಬಫರ್ ಕಲಿಯಲು ಕಿಟ್‌ನಿಂದ ಏನೂ ಆಗದು. ಡಿಎನ್ಎ ಏಣಿ ಕಟ್ಟುವ ಆಸೆಯಿದ್ದರೆ ಅದಕ್ಕೆಂದೇ ಬೇರೆ ಕಿಟ್ ಕೊಳ್ಳಿ. ಒಂದೊಂದೇ ಪರಮಾಣು ಜೋಡಿಸುತ್ತ ಹೋದರೆ ನಾಲ್ಕು ಬೇಸ್ ಜೋಡಿ (ಏಣಿಯ ಮೆಟ್ಟಿಲು) ಮುಗಿಯುವಷ್ಟರಲ್ಲಿ ದೊಡ್ಡ ಪೆಟ್ಟಿಗೆಯೂ ಬರಿದಾಗುತ್ತದೆ.